66ರ ಮಸ್ಟಾಂಗ್, ಸಿ4 ಗೇರ್‌ಬಾಕ್ಸ್: ಚಳಿಗಾಲ ಕಳೆದ ಮೇಲೆ ಕೆಂಪು ಆಯಿಲ್ ಸೋರುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡಿಯರ್‌ಬಾರ್ನ್ ಹತ್ತಿರ. ನನ್ನ ಬಳಿ 1966ರ ಫೋರ್ಡ್ ಮಸ್ಟಾಂಗ್ ಇದೆ. 289 ವಿ8 ಎಂಜಿನ್, ಮೂರು ಗೇರಿನ ಸಿ4 ಆಟೋಮ್ಯಾಟಿಕ್. ನವೆಂಬರ್‌ನಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕೋಕೆ ಶುರುವಾದಾಗ ಗಾಡಿಯನ್ನು ಗ್ಯಾರೇಜಿಗೆ ಸೇರಿಸಿ ಹೊದಿಕೆ ಹಾಕಿದ್ದೆ. ಏಪ್ರಿಲ್‌ನಲ್ಲಿ ನೋಡಿದರೆ ಕೆಳಗೆ ಊಟದ ತಟ್ಟೆಯಷ್ಟು ಅಗಲಕ್ಕೆ ಕೆಂಪು ಆಯಿಲ್. ಹೋದ ಬೇಸಿಗೆಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

ಗಾಬರಿಯಾಗಿ ಅಳತೆ ನೋಡದೆ ಅರ್ಧ ಕ್ವಾರ್ಟ್ (ಸುಮಾರು ಅರ್ಧ ಲೀಟರ್) ಆಯಿಲ್ ಸುರಿದೆ. ಮರುದಿನ ಇನ್ನೂ ಜಾಸ್ತಿ ಸೋರಿತ್ತು. ಗೇರ್‌ಗಳೆಲ್ಲ ಸರಿಯಾಗಿ ಬೀಳುತ್ತಿವೆ, ಜಾರುತ್ತಿಲ್ಲ. ಒಂದು ಶಾಪಿನಲ್ಲಿ ಕೇಳಿದರೆ, ಮುಂದಿನ ಪಂಪ್ ಸೀಲ್ (ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಉಂಗುರ) ಹೋಗಿದೆ, ಗೇರ್‌ಬಾಕ್ಸ್ ಪೂರ್ತಿ ಇಳಿಸಬೇಕು ಅಂದರು. ಗಾಡಿಯ ಕೆಳಗೆ ಬಗ್ಗಿಯೂ ನೋಡಲಿಲ್ಲ. ಮನೆಯಲ್ಲೇ ಏನಾದರೂ ಮಾಡಬಹುದಾ?

ಉತ್ತರ 1

ಗೇರ್‌ಬಾಕ್ಸ್ ಇಳಿಸುವ ಮಾತು ಸದ್ಯಕ್ಕೆ ಬಿಟ್ಟುಬಿಡಿ. ಐದು ತಿಂಗಳು ಸುಮ್ನೆ ನಿಂತ ಸಿ4 ಸೋರಿದರೆ ನಾನು ಮೊದಲು ಅನುಮಾನಪಡುವುದು ಪಕ್ಕದಲ್ಲಿರುವ ಗೇರ್ ಲಿವರ್ ಶಾಫ್ಟಿನ ಸೀಲನ್ನು.

ಎಂಜಿನ್ ಓಡುವಾಗ ಆಯಿಲಿನ ದೊಡ್ಡ ಪಾಲು ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಒಳಗಿರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಅದು ಮೆಲ್ಲಗೆ ಇಳಿದು ಪ್ಯಾನಿಗೆ, ಅಂದರೆ ಗೇರ್‌ಬಾಕ್ಸಿನ ತಳದ ತಟ್ಟೆಗೆ, ಬಂದು ಸೇರುತ್ತದೆ. ಪ್ಯಾನ್ ತುಂಬಿ ಮಟ್ಟ ಮೇಲೇರುತ್ತದೆ, ಲಿವರ್ ಶಾಫ್ಟ್ ಮುಳುಗುತ್ತದೆ. ಬೇಸಿಗೆಯಲ್ಲಿ ದಿನಾ ಓಡಿಸುವಾಗ ಆ ಸೀಲಿನವರೆಗೆ ಆಯಿಲ್ ಏರುವುದೇ ಇಲ್ಲ, ಅದಕ್ಕೇ ಆಗ ಹನಿ ಬೀಳಲಿಲ್ಲ. ನೀವು ಮೇಲಿಂದ ಅರ್ಧ ಕ್ವಾರ್ಟ್ ಸುರಿದಾಗ ಮಟ್ಟ ಇನ್ನಷ್ಟು ಏರಿತು, ಅಲ್ವಾ? ಸೋರಿಕೆ ಜಾಸ್ತಿಯಾಗಿದ್ದು ಅದರಿಂದಲೇ ಇರಬೇಕು.

ಈಗ ಅಳತೆ ಸರಿಯಾಗಿ ನೋಡಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಆಯಿಲ್ ಚೆನ್ನಾಗಿ ಬಿಸಿಯಾಗಿರಲಿ. ಬ್ರೇಕ್ ಒತ್ತಿಕೊಂಡು ಎಲ್ಲ ಗೇರಿಗೂ ಒಂದೊಂದು ಸಲ ಹಾಕಿ, ವಾಪಸ್ ಪಾರ್ಕ್‌ಗೆ ತನ್ನಿ. ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಬೇಕು. ಜಾಸ್ತಿ ಇದ್ದರೆ ತೆಗೆದುಬಿಡಿ. ತುಂಬಾ ಜಾಸ್ತಿಯಾದರೆ ಒಳಗೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ.

ಆಮೇಲೆ ಮೂಲ ಹುಡುಕಿ. ಹನಿ ಬೀಳುವ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ಆಯಿಲ್ ಕೇಸಿನ ಮೇಲೆ ಹರಿದು ಪ್ಯಾನಿನ ಅಂಚಿಗೆ ಬಂದು ಬೀಳುತ್ತದೆ, ನೋಡಿದವರು ಪ್ಯಾನ್ ಗ್ಯಾಸ್ಕೆಟ್ ಬದಲಿಸುತ್ತಾರೆ, ಸೋರಿಕೆ ನಿಲ್ಲುವುದಿಲ್ಲ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಡಿಗ್ರೀಸರ್ ಹಾಕಿ ಇಡೀ ಕೇಸ್ ತೊಳೆದು, ಪೂರ್ತಿ ಒಣಗಿದ ಮೇಲೆ ಕಾಲಿಗೆ ಹಾಕುವ ಪೌಡರ್ ಸ್ಪ್ರೇ ಇದೆಯಲ್ಲ, ಅದನ್ನು ತೆಳ್ಳಗೆ ಹೊಡೆಯಿರಿ. ಬಿಳಿ ಪುಡಿಯ ಮೇಲೆ ಕೆಂಪು ಗೆರೆ ಎದ್ದು ಕಾಣುತ್ತದೆ. ಆ ಗೆರೆಯ ತುದಿಯನ್ನು ಮೇಲಕ್ಕೆ ಹಿಂಬಾಲಿಸಿ.

ಮುಂದಿನ ಸೀಲ್ ಹೋಗಿದ್ದರೆ ಆಯಿಲ್ ಕನ್ವರ್ಟರಿನ ಸುತ್ತಿನ ಹೌಸಿಂಗ್ ಒಳಗಿಂದ ಅದರ ತಳಕ್ಕೆ ಬರುತ್ತದೆ. ತಳದ ತಗಡು ಬಿಚ್ಚಿ ನೋಡಿ, ಒಳಗೆ ಒಣಗಿದ್ದರೆ ಆ ಶಾಪಿನವರ ಮಾತು ತಪ್ಪು. ಅಲ್ಲಿರುವುದು ಕಂದು ಆಯಿಲ್ ಆದರೆ ಅದು ಎಂಜಿನ್ನಿನದು, ಬೇರೆಯೇ ಕಥೆ. ರೇಡಿಯೇಟರಿಗೆ ಹೋಗುವ ಎರಡು ಕಬ್ಬಿಣದ ಪೈಪುಗಳ ಜಾಯಿಂಟ್ ಮತ್ತು ಡಿಪ್‌ಸ್ಟಿಕ್ ಪೈಪಿನ ಬುಡ, ಇವನ್ನೂ ಮುಟ್ಟಿ ನೋಡಿ. ಸೋರಿಕೆ ನಿಲ್ಲಿಸುವ ಡಬ್ಬಿ ಔಷಧ ಮಾತ್ರ ದಯವಿಟ್ಟು ಹಾಕಬೇಡಿ. ಅದು ಒಳಗಿನ ಒಳ್ಳೆ ರಬ್ಬರನ್ನೂ ಉಬ್ಬಿಸುತ್ತದೆ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗೇರ್‌ಬಾಕ್ಸಿನ ಹಿಂಭಾಗದಲ್ಲಿ ವ್ಯಾಕ್ಯೂಮ್ ಮಾಡ್ಯುಲೇಟರ್ ಅಂತ ಒಂದು ಚಿಕ್ಕ ದುಂಡನೆಯ ತಗಡಿನ ಡಬ್ಬಿ ಇದೆ. ಅದರಿಂದ ಎಂಜಿನ್ ಕಡೆಗೆ ಹೋಗುವ ರಬ್ಬರ್ ಟ್ಯೂಬನ್ನು ಕಿತ್ತು ಒಳಗೆ ಒಂದು ಬಟ್ಟೆ ತುದಿ ತೂರಿಸಿ. ಕೆಂಪು ಆಯಿಲ್ ಹತ್ತಿದರೆ ಒಳಗಿನ ಪೊರೆ ಹರಿದಿದೆ. ಹಾಗಿದ್ದರೆ ಎಂಜಿನ್ ಗೇರ್ ಆಯಿಲನ್ನು ಎಳೆದುಕೊಂಡು ಸುಡುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ. ನೆಲದ ಮೇಲೆ ಹನಿ ಇಲ್ಲದಿದ್ದರೂ ಮಟ್ಟ ಇಳಿಯುತ್ತಲೇ ಇರುತ್ತದೆ. ಇದಕ್ಕೆ ಗೇರ್‌ಬಾಕ್ಸ್ ಬಿಚ್ಚಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ಮಾಡ್ಯುಲೇಟರ್ ಟ್ಯೂಬಿನಲ್ಲಿ ಬಟ್ಟೆ ಒಣಗಿಯೇ ಬಂತು. ತಳದ ತಗಡಿನ ಒಳಗೂ ಏನೂ ಇಲ್ಲ. ಪೌಡರ್ ಹೊಡೆದು ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಡ್ರೈವರ್ ಕಡೆಯ ಲಿವರ್ ಶಾಫ್ಟಿನ ಸುತ್ತ ಕೆಂಪು ಬಳೆ ಹಾಕಿದ ಹಾಗೆ ಕಾಣಿಸಿತು. ಅಲ್ಲಿಂದ ಒಂದೇ ಗೆರೆ ಕೆಳಗಿಳಿದು ಪ್ಯಾನಿನ ಮೂಲೆಗೆ ಬಂದಿದೆ. ಸೀಲ್ ಬದಲಿಸುವುದು ಹೇಗೆ?

ಉತ್ತರ 1

ಒಳ್ಳೆಯ ಸುದ್ದಿ! ಅಲ್ಲಿ ಎರಡು ಸೀಲ್ ಇವೆ. ಹೊರಗಿನ ಶಾಫ್ಟ್ ಕೇಸಿಗೆ ಸೇರುವ ಕಡೆ ದೊಡ್ಡದು, ಅದರೊಳಗೆ ಹೋಗುವ ಕಿಕ್‌ಡೌನ್ ಶಾಫ್ಟಿಗೆ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸುವುದು) ಒಂದು ಪುಟ್ಟ ಓ-ರಿಂಗ್. ಎರಡನ್ನೂ ಹಾಕಿ, ಒಂದನ್ನೇ ಹಾಕಿದರೆ ಇನ್ನೊಂದು ಸೋರುತ್ತದೆ. ಹೊರಗಿನ ನಟ್‌ಗೆ ತುಕ್ಕು ಬಿಡಿಸುವ ಎಣ್ಣೆ ಹಿಂದಿನ ರಾತ್ರಿಯೇ ಬಿಡಿ. ಬಿಚ್ಚುವಾಗ ಲಿವರನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಿ, ಒಳಗಿನ ಭಾಗಕ್ಕೆ ಬಲ ಬೀಳಬಾರದು. ದೊಡ್ಡ ಸೀಲಿಗೆ ಪ್ಯಾನ್ ಇಳಿಸಿ, ಒಳಗಿನ ನಟ್ ಸಡಿಲಿಸಿ ಶಾಫ್ಟ್ ಎಳೆಯಬೇಕು.

ಪ್ಯಾನ್ ಹೇಗೂ ಇಳಿಯುತ್ತದಲ್ಲ, ಫಿಲ್ಟರ್, ಗ್ಯಾಸ್ಕೆಟ್ ಹೊಸದು ಹಾಕಿ. ಹಿಂದೆ ಯಾರೋ ಬೋಲ್ಟ್ ಬಿಗಿ ಮಾಡಿ ಮಾಡಿ ತೂತಿನ ಸುತ್ತ ತಗಡು ಉಬ್ಬಿರುತ್ತದೆ. ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆತ್ತಗೆ ತಟ್ಟಿ ಚಪ್ಪಟೆ ಮಾಡಿ. ಬೋಲ್ಟಿಗೆ 12ರಿಂದ 16 ಅಡಿ-ಪೌಂಡ್ ಸಾಕು. ಆಯಿಲ್ ಟೈಪ್ ಎಫ್, ಈ ಗೇರ್‌ಬಾಕ್ಸ್‌ಗೆ ಫೋರ್ಡ್ ಹೇಳಿದ್ದು ಅದನ್ನೇ.

ಪ್ರಶ್ನೆ ಕೇಳಿದವರು

ಶನಿವಾರ ಪೂರ್ತಿ ಹಿಡಿಯಿತು. ಹಳೆ ಓ-ರಿಂಗ್ ಕೈಗೆ ಬಂದಾಗ ರಬ್ಬರ್ ಅನ್ನಿಸಲೇ ಇಲ್ಲ. ಉಗುರಿನಿಂದ ಒತ್ತಿದೆ, ಒಣ ಹುಣಸೆ ಸಿಪ್ಪೆಯ ಹಾಗೆ ಪಟ್ ಅಂತ ಮುರಿಯಿತು. ಪ್ಯಾನಿನ ತೂತುಗಳೂ ನೀವು ಹೇಳಿದ ಹಾಗೇ ಉಬ್ಬಿದ್ದವು. ಬೇಕಂತಲೇ ಮೂರು ವಾರ ಗಾಡಿ ಅಲುಗಿಸದೆ ಕೆಳಗೆ ರಟ್ಟು ಹಾಸಿಟ್ಟಿದ್ದೆ. ಇವತ್ತು ಎಳೆದು ನೋಡಿದೆ, ರಟ್ಟು ಒಣಗಿದೆ. ನಾಳೆ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ, ಏರ್‌ಪೋರ್ಟಿಗೆ ಇದರಲ್ಲೇ ಹೋಗುತ್ತೇನೆ.