ಅಕ್ಕ, ತಮ್ಮ, ತಂಗಿ ಮೂವರೇ ಅಮ್ಯೂಸ್‌ಮೆಂಟ್ ಪಾರ್ಕ್‌ಗೆ: ತಿಳಿದವರು ಹೇಳಿ

ಪ್ರಶ್ನೆ: 23ರ ಅಕ್ಕ, 15ರ ತಮ್ಮ, 8ರ ತಂಗಿ. ಅಪ್ಪ ಅಮ್ಮ ಬರುತ್ತಿಲ್ಲ, ಇರುವುದು ಒಂದೇ ದಿನ. ತಮ್ಮನಿಗೆ ದೊಡ್ಡ ರೈಡ್‌ಗಳೇ ಬೇಕು, ತಂಗಿಯ ಎತ್ತರ 120 ಸೆಂ.ಮೀ. ಆಸುಪಾಸು. ಯಾರೂ ಒಂಟಿಯಾಗಬಾರದು, ಯಾರಿಗೂ ಬೇಜಾರೂ ಆಗಬಾರದು. ದಿನವನ್ನು ಹೇಗೆ ಹೊಂದಿಸಿಕೊಳ್ಳಲಿ?

ಉತ್ತರ 1

‘ಆಸುಪಾಸು’ ಎಂದುಕೊಂಡು ಹೊರಡಬೇಡಿ, ಅಳೆದುಕೊಂಡು ಹೊರಡಿ. ತಂಗಿಯನ್ನು ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಗೋಡೆಗೆ ಒತ್ತಿ ಹಿಡಿದು ನೆತ್ತಿಗೆ ತಾಗುವವರೆಗೆ ಇಳಿಸಿ, ಅದರ ಕೆಳಅಂಚಿಗೆ ಪೆನ್ಸಿಲ್ ಗೆರೆ ಎಳೆದು ಟೇಪ್ ಹಿಡಿಯಿರಿ. ಅಳೆಯುವುದು ಸಂಜೆಯಾಗಲಿ. ದಿನವಿಡೀ ಓಡಾಡಿದ ಮೇಲೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು, ಬೆಳಗಿನ ಎತ್ತರಕ್ಕಿಂತ ಸುಮಾರು 1 ಸೆಂ.ಮೀ. ಇಳಿದಿರುತ್ತದೆ. ನಂಬಬೇಕಾದ ಲೆಕ್ಕ ಅದೇ.

ರೈಡ್ ಹತ್ತಲು ಕನಿಷ್ಠ ಇಷ್ಟು ಎತ್ತರ ಬೇಕೆಂಬ ಗೆರೆ ಬಹಳ ಪಾರ್ಕ್‌ಗಳಲ್ಲಿ ಒಂದು 120 ಸೆಂ.ಮೀ. ಹತ್ತಿರ, ಇನ್ನೊಂದು 140ರ ಹತ್ತಿರ ಇರುತ್ತದೆ. ನೀವು ಹೋಗುವ ಪಾರ್ಕ್‌ನ ಪಟ್ಟಿಯನ್ನು ಮೊದಲೇ ತೆಗೆದು, ತಂಗಿ ಹತ್ತಬಹುದಾದ ರೈಡ್‌ಗಳಿಗೆ ಟಿಕ್ ಹಾಕಿ ಅವಳಿಗೆ ಮನೆಯಲ್ಲೇ ತೋರಿಸಿ. ಮುಕ್ಕಾಲು ಗಂಟೆ ಕ್ಯೂ ನಿಂತು, ಅಳತೆಗೋಲಿನ ಮುಂದೆ ‘ಆಗಲ್ಲ’ ಅನ್ನಿಸಿಕೊಂಡ ಮಗುವನ್ನು ಆಮೇಲೆ ಸಮಾಧಾನ ಮಾಡುವುದು ಬಹಳ ಕಷ್ಟ.

ದಪ್ಪ ಅಟ್ಟೆಯ ಶೂ ಹಾಕಿಸಿ ಎತ್ತರ ತೋರಿಸುವ ಕೆಲಸ ದಯವಿಟ್ಟು ಬೇಡ. ತೊಡೆಯ ಮೇಲೆ ಕೂರುವ ಸರಳನ್ನು ಒಂದು ಅಳತೆಯ ಮೈಗೆಂದೇ ಮಾಡಿರುತ್ತಾರೆ. ರೋಲರ್ ಕೋಸ್ಟರ್ ದಿಬ್ಬ ದಾಟುವಾಗ ಮೈ ಸೀಟಿನಿಂದ ಮೇಲೇಳುತ್ತದೆ. ಆಗ ತೊಡೆಗೂ ಸರಳಿಗೂ ನಡುವೆ ಸಂದು ಇದ್ದರೆ ಚಿಕ್ಕ ಮಗು ಜಾರಿಬಿಡಬಹುದು.

ಉತ್ತರ 2

ನಿಮ್ಮ ನಿಜವಾದ ತೊಡಕು ದೊಡ್ಡವರು ಒಬ್ಬರೇ ಇರುವುದು. ತಮ್ಮ ದೊಡ್ಡ ಕೋಸ್ಟರ್ ಹತ್ತಿದಾಗ ನೀವು ತಂಗಿಯ ಜೊತೆ ಕೆಳಗಿರಬೇಕು. ಹಾಗಾಗಿ ಅಂಥ ರೈಡ್‌ಗಳನ್ನು ದಿನವಿಡೀ ಹರಡದೆ ಗೇಟು ತೆರೆದ ಮೊದಲ ಒಂದೂವರೆ ಗಂಟೆಯಲ್ಲೇ ಮುಗಿಸಿ. ಹೆಚ್ಚಿನವರು ಒಳಗೆ ಕಾಲಿಟ್ಟೊಡನೆ ಕಣ್ಣಿಗೆ ಬಿದ್ದ ರೈಡ್‌ಗೆ ನಿಲ್ಲುತ್ತಾರೆ. ನೀವು ನೇರ ಹಿಂದಿನ ಮೂಲೆಗೆ ನಡೆದು ಅಲ್ಲಿಂದ ಶುರುಮಾಡಿ. ಒಂಟಿಯಾಗಿ ಹತ್ತುವವರಿಗೆ ಬೇರೆ ಸಾಲು ಇದೆಯೇ ಕೇಳಿ. ಇದ್ದರೆ ತಮ್ಮನಿಗೆ ಅದೇ ಸರಿ, ಖಾಲಿ ಉಳಿದ ಸೀಟಿಗೆ ಬೇಗ ಕೂರಿಸುತ್ತಾರೆ.

ಕ್ಯೂ ಎಷ್ಟು ಹೊತ್ತಾಗುತ್ತದೆಂದು ನೀವೇ ಲೆಕ್ಕ ಹಾಕಬಹುದು. ಹಾವಿನಂತೆ ಸುತ್ತಿದ ಸಾಲಿನ ಒಂದು ಸುತ್ತಿನಲ್ಲಿ ಎಷ್ಟು ತಲೆ ಎಂದು ಎಣಿಸಿ, ಎಷ್ಟು ಸುತ್ತಿದೆಯೋ ಅದರಿಂದ ಗುಣಿಸಿ. ಒಂದು ಸುತ್ತಿಗೆ 40 ಜನ, ಆರು ಸುತ್ತು ಎಂದರೆ 240. ರೈಡ್‌ನಲ್ಲಿ 24 ಸೀಟು, ಒಂದು ಟ್ರಿಪ್ ಹೊರಟು ಮುಂದಿನದು ಹೊರಡಲು 3 ನಿಮಿಷ ಹಿಡಿದರೆ ಹತ್ತು ಟ್ರಿಪ್, ಅಂದರೆ ಅರ್ಧ ಗಂಟೆ. ವಾಚ್ ನೋಡಿಕೊಂಡು ಎರಡು ಟ್ರಿಪ್ ಗಮನಿಸಿದರೆ ಸಾಕು. ಖಾಲಿ ಸೀಟು ಬಿಟ್ಟು ಹೊರಡುತ್ತಿದ್ದರೆ ಹತ್ತಿಪ್ಪತ್ತು ನಿಮಿಷ ಸೇರಿಸಿಕೊಳ್ಳಿ.

ಉತ್ತರ 3

ಸೀಟಿನ ಬಗ್ಗೆ. ಕೋಸ್ಟರ್‌ನ ಮುಂದಿನ ಸೀಟು ದಿಬ್ಬದ ತುದಿಯನ್ನು ನಿಧಾನವಾಗಿ ದಾಟುತ್ತದೆ. ಹಿಂದಿನ ಸೀಟು ತುದಿಗೆ ಬರುವಷ್ಟರಲ್ಲಿ ಮುಂದಿನ ಬೋಗಿಗಳು ಆಗಲೇ ಇಳಿಯುತ್ತಾ ಅದನ್ನು ಎಳೆಯುತ್ತಿರುತ್ತವೆ, ಹಾಗಾಗಿ ಮೈ ಹಾರಿದಂತಾಗುವುದು ಅಲ್ಲೇ ಜಾಸ್ತಿ. ತಮ್ಮನಿಗೆ ಹಿಂದಿನದು. ತೂಗುವ ಹಡಗಿನಲ್ಲಿ ಎರಡೂ ತುದಿಗಳೇ ಎಲ್ಲಕ್ಕಿಂತ ಎತ್ತರಕ್ಕೆ ಹೋಗುವುದು, ತಂಗಿಯನ್ನು ನಟ್ಟನಡುವೆ ಕೂರಿಸಿ.

ಗರಗರ ಸುತ್ತುವ ರೈಡ್‌ಗಳನ್ನು ಒಂದರ ಹಿಂದೊಂದು ಹತ್ತಬೇಡಿ. ಕಣ್ಣು ಒಂದು ಹೇಳುತ್ತದೆ, ಒಳಕಿವಿ ಇನ್ನೊಂದು ಹೇಳುತ್ತದೆ, ಆ ಗೊಂದಲಕ್ಕೇ ವಾಕರಿಕೆ ಬರುವುದು. ಮೊದಲನೆಯದರ ತಲೆಸುತ್ತು ಇಳಿಯುವ ಮುಂಚೆ ಎರಡನೆಯದು ಹತ್ತಿದರೆ ಅದು ಏರುತ್ತಲೇ ಹೋಗುತ್ತದೆ. ಮುಖ ಬಿಳಿಚಿಕೊಂಡಿತೋ, ಬೆವರಿತೋ, ನೆರಳಲ್ಲಿ ಕೂರಿಸಿ, ದೂರದಲ್ಲಿ ಅಲುಗಾಡದೆ ನಿಂತ ಏನನ್ನಾದರೂ ನೋಡಲು ಹೇಳಿ. ಫೋನ್ ಕೈಗೆ ಕೊಡಬೇಡಿ. ಖಾಲಿ ಹೊಟ್ಟೆಯೂ ಕೆಟ್ಟದ್ದೇ, ಸ್ವಲ್ಪ ಸ್ವಲ್ಪ ತಿನ್ನಿಸುತ್ತಿರಿ.

ರೈಡ್ ನಡುವೆ ನಿಲ್ಲಬಹುದು ಎಂದು ತಂಗಿಗೆ ಮೊದಲೇ ಹೇಳಿಟ್ಟಿರಿ. ಎರಡು ಟ್ರೈನ್ ಓಡುವ ಕೋಸ್ಟರ್‌ನ ಹಳಿಯನ್ನು ಭಾಗಗಳಾಗಿ ವಿಂಗಡಿಸಿರುತ್ತಾರೆ, ಒಂದು ಭಾಗದಲ್ಲಿ ಒಂದೇ ಟ್ರೈನ್ ಇರಬೇಕು. ಮುಂದಿನ ಭಾಗ ಖಾಲಿ ಎಂದು ಸೆನ್ಸರ್ ಖಚಿತಪಡಿಸದಿದ್ದರೆ ಹಿಂದಿನದನ್ನು ತಡೆದು ನಿಲ್ಲಿಸುತ್ತದೆ. ಅದು ಕಾಪಾಡಲೆಂದೇ ಇರುವ ವ್ಯವಸ್ಥೆ. ಸರಳು ಬಿಚ್ಚಲು ಹೋಗದೆ ಕೂತಿದ್ದರೆ ಸಿಬ್ಬಂದಿಯೇ ಬರುತ್ತಾರೆ.

ಉತ್ತರ 4

ನೀರಿನ ವಿಷಯ ಯಾರೂ ಹೇಳಿಲ್ಲ, ಅಲ್ಲೇ ಅಲ್ಲವೇ ಹೆಚ್ಚು ಎಚ್ಚರ ಬೇಕಾದದ್ದು! ಮುಳುಗುವವರು ಕೂಗುವುದಿಲ್ಲ, ಕೈ ಬೀಸುವುದೂ ಅಪರೂಪ, ಸದ್ದಿಲ್ಲದೆ ಮುಳುಗುತ್ತಾರೆ. ಅಲೆ ಏಳುವ ಕೊಳದಲ್ಲಿ ನೀರು ನಿಂತಿರುವಾಗ ತಂಗಿಯ ಸೊಂಟಕ್ಕೆ ಬರುವ ಆಳದಾಚೆ ಹೋಗಬೇಡಿ, ಅಲೆ ಬಂದಾಗ ಅದು ಎದೆ, ಕುತ್ತಿಗೆ ಮುಟ್ಟುತ್ತದೆ. ನೀವು ಅವಳಿಂದ ಒಂದು ಕೈಯಳತೆಯಲ್ಲಿರಬೇಕು, ಅವಳು ಕಾಣುತ್ತಿದ್ದರೆ ಸಾಲದು. ಲೈಫ್ ಜಾಕೆಟ್ ಹಾಕಿಸಿದ ಮೇಲೆ ಎರಡೂ ಹೆಗಲ ಪಟ್ಟಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಗಲ್ಲ, ಕಿವಿ ತಾಗುವಷ್ಟು ಮೇಲೇರಿದರೆ ಅದು ದೊಡ್ಡದು, ಬದಲಿಸಿ ಕೇಳಿ. ಗಾಳಿ ತುಂಬಿದ ಟ್ಯೂಬ್ ಆಟಕ್ಕೆ ಸರಿ, ರಕ್ಷಣೆಗಲ್ಲ.

ಬಟ್ಟೆ ನೈಲಾನ್ ಅಥವಾ ಲೈಕ್ರಾ ಇರಲಿ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಅದರ ಎಳೆಗಳು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತವೆ. ಲೋಹದ ಗುಂಡಿ, ಜಿಪ್ ಇದ್ದರೆ ಜಾರುಬಂಡೆಗೆ ಬಿಡುವುದಿಲ್ಲ, ಫೈಬರ್ ಗೀರುಬೀಳುತ್ತದೆ. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕೆ ಕಡಿಮೆ ಬೇಡ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ ಮತ್ತೆ ಹಚ್ಚಿ.

ಉತ್ತರ 2, ಮತ್ತೆ

ನೀರಿನ ಆಟಕ್ಕೆ ಮಧ್ಯಾಹ್ನವೇ ಸರಿ, ಬೆಳಗ್ಗೆ ಬೇಡ. ಬೆಳಗ್ಗೆ ಒದ್ದೆಯಾದರೆ ಮಿಕ್ಕ ದಿನವೆಲ್ಲ ತೊಡೆಸಂದು ಉಜ್ಜಿ ಉರಿಯುತ್ತದೆ. ಆದರೆ ಮುಚ್ಚುವ ಹೊತ್ತಿಗೆ ಒಂದು ಗಂಟೆ ಮೊದಲೇ ನೀರಿನಿಂದ ಏಳಿ. ಕೊನೆಯ ಅರ್ಧ ಗಂಟೆಯಲ್ಲಿ ಶವರ್, ಲಾಕರ್ ಎರಡರ ಮುಂದೆಯೂ ಜನ ಮುಗಿಬೀಳುತ್ತಾರೆ, ಮಕ್ಕಳು ಕೈತಪ್ಪುವುದೂ ಆಗಲೇ.

ಉತ್ತರ 5

ಕೈತಪ್ಪುವ ಮಾತು ಬಂತಲ್ಲ, ಅದಕ್ಕೆ ಮೂರು ಕೆಲಸ ಮಾಡಿಟ್ಟುಕೊಳ್ಳಿ. ಗೇಟಿನಲ್ಲೇ ತಮ್ಮ, ತಂಗಿ ಇಬ್ಬರ ಪೂರ್ತಿ ಫೋಟೊ ತೆಗೆಯಿರಿ, ಗಾಬರಿಯಲ್ಲಿ ಬಟ್ಟೆಯ ಬಣ್ಣ ನೆನಪಾಗುವುದಿಲ್ಲ. ತಂಗಿಯ ಮುಂಗೈ ಒಳಬದಿಯಲ್ಲಿ ನೀರಿಗೆ ಅಳಿಯದ ಮಾರ್ಕರ್‌ನಿಂದ ನಿಮ್ಮ ನಂಬರ್ ಬರೆಯಿರಿ. ನೀವು ಲಾಕರ್‌ನಲ್ಲಿ ಫೋನ್ ಇಟ್ಟಿರುವಾಗ ಆ ನಂಬರಿನಿಂದ ಉಪಯೋಗವಿಲ್ಲ, ಅದಕ್ಕೇ ಸೇರುವ ಜಾಗವೊಂದನ್ನೂ ಗೊತ್ತುಮಾಡಿ. ‘ಐಸ್‌ಕ್ರೀಮ್ ಅಂಗಡಿ ಹತ್ತಿರ’ ಎಂದರೆ ಆಗುವುದಿಲ್ಲ, ಅಂಥ ಅಂಗಡಿ ನಾಲ್ಕಿರುತ್ತವೆ. ಎಲ್ಲಿಂದಲೂ ಕಾಣುವಂಥದ್ದು, ಒಂದೇ ಇರುವಂಥದ್ದು ಆಗಬೇಕು, ಜಯಂಟ್ ವೀಲ್‌ನ ಟಿಕೆಟ್ ಗೇಟಿನ ಹಾಗೆ. ಕಾಣದಾದರೆ ತಂಗಿ ಹುಡುಕಿಕೊಂಡು ಓಡಾಡದೆ, ಹತ್ತಿರದ ರೈಡ್‌ನ ಯೂನಿಫಾರ್ಮ್‌ನವರಿಗೆ ಹೇಳಿ ಅಲ್ಲೇ ನಿಲ್ಲಲಿ. ತಮ್ಮನೂ ಇಳಿದೊಡನೆ ಎಕ್ಸಿಟ್‌ನಲ್ಲೇ ನಿಲ್ಲಬೇಕು. ಹತ್ತುವ ದಾರಿ, ಇಳಿಯುವ ದಾರಿ ಬೇರೆಬೇರೆ ಇರುವುದರಿಂದ, ಅವನು ಕ್ಯೂನಲ್ಲಿರುವಾಗಲೇ ನೀವು ತಂಗಿಯನ್ನು ಕರೆದುಕೊಂಡು ಎಕ್ಸಿಟ್ ಹುಡುಕಿ ಅಲ್ಲಿ ಕಾದಿರಿ.