ಮೂಲೆ ಪಕ್ಕಾಸು ಗಿಡ್ಡ ಬಂದಿದ್ದು ಯಾಕೆ? ಆರ್ಕಿಟೆಕ್ಟ್ ಅವರನ್ನು ಕೇಳಿ

ತೀರ್ಥಹಳ್ಳಿ ಸದಸ್ಯ: ಮೇಡಂ, ನಾಲ್ಕೂ ಕಡೆ ಇಳಿಜಾರಿರುವ ಹಂಚಿನ ಮಾಡು. ಅಗಲ 20 ಅಡಿ, ಎತ್ತರ 6 ಅಡಿ. ಫ್ಯಾಬ್ರಿಕೇಶನ್ ಹುಡುಗರು ಪ್ಲಾನ್ (ಮೇಲಿನಿಂದ ನೋಡಿದ ನಕ್ಷೆ) ಅಳೆದು ಮೂಲೆ ಪಕ್ಕಾಸಿನ ಪೈಪ್, ಅಂದರೆ ಎರಡು ಇಳಿಜಾರು ಸೇರುವ ಮೂಲೆಯ ಪೈಪ್ ಕತ್ತರಿಸಿದರು. ನಾಲ್ಕೂ ಗಿಡ್ಡ. ತುಂಡು ವೆಲ್ಡ್ ಮಾಡ್ತೀವಿ ಅಂತಿದ್ದಾರೆ.

ವಿದ್ಯಾರ್ಥಿನಿ: ಹಾಳೆಯಲ್ಲಿ ಪ್ಲಾನ್, ಎಲಿವೇಶನ್ ಜೋಡಿಸೋ ಕ್ರಮ ಫಸ್ಟ್ ಆ್ಯಂಗಲ್ಲಾ, ಥರ್ಡ್ ಆ್ಯಂಗಲ್ಲಾ ಮೇಡಂ?

ಆರ್ಕಿಟೆಕ್ಟ್: ನಮ್ಮಲ್ಲಿ ಫಸ್ಟ್.

ತೀರ್ಥಹಳ್ಳಿಯವರೇ, ಮೊದಲು ವೆಲ್ಡಿಂಗ್ ನಿಲ್ಲಿಸಿ. ಮಾಡಿನ ಎರಡು ಮುಖಗಳ ಭಾರ ಬಂದು ಸೇರೋದು ಆ ಪೈಪಿಗೆ, ನಡುವೆ ಜೋಡಿಸಬಹುದೋ ಇಲ್ಲವೋ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಹೇಳಬೇಕು, ವೆಲ್ಡರ್ ಅಲ್ಲ. ಇಳಿಜಾರು ನಾಲ್ಕೂ ಕಡೆ ಒಂದೇ ಅಂದುಕೊಂಡರೆ ನಿಮ್ಮ ಪೈಪು ಪ್ಲಾನಿನಲ್ಲಿ, ಅರ್ಧ ಅಗಲ 10 ಅಡಿಯ ಚೌಕದ ಕರ್ಣ, 14.14 ಅಡಿ. ಎಲಿವೇಶನ್‌ನಲ್ಲಿ (ಮುಂದಿನಿಂದ ನೋಡಿದ ನಕ್ಷೆ) ಅಳೆದರೆ 11.66. ಬೇಕಾಗಿದ್ದು 15.36! ಎರಡೂ ಕಡೆಗೆ ಓರೆಯಾಗಿರುವ ಗೆರೆಯ ನಿಜವಾದ ಉದ್ದ ಈ ಎರಡರಲ್ಲೂ ಕಾಣಲ್ಲ. 14.14ನ್ನು ಸ್ಕೇಲಿಗೆ ಅಡ್ಡಗೆರೆಯಾಗಿ ಎಳೆಯಿರಿ, ಒಂದು ತುದಿಯಲ್ಲಿ ನೆಟ್ಟಗೆ 6 ಏರಿಸಿ, ತುದಿಗಳನ್ನು ಸೇರಿಸಿ. ಆ ಓರೆ ಗೆರೆಯೇ ನಿಮ್ಮ ಪೈಪು. ಕೋನವೂ ಅಲ್ಲೇ ಸಿಗುತ್ತೆ, ಸುಮಾರು 23 ಡಿಗ್ರಿ. ಉಳಿದ ಪಕ್ಕಾಸುಗಳ 31 ಡಿಗ್ರಿಯನ್ನೇ ಇಲ್ಲಿಗೂ ಇಟ್ಟಿದ್ದರೆ ತುದಿ ಕೂರಲ್ಲ. ಸೂರಿನ ಚಾಚು ಬೇರೆ ಸೇರಿಸಿ.

ಸಾಗರ ಸದಸ್ಯ: ವಾಟ್ಸ್ಯಾಪಲ್ಲಿ ಬಂದಿದ್ದು: ‘ಸಾದಾ ಪಕ್ಕಾಸಿನ ಉದ್ದ × 1.414 = ಮೂಲೆ ಪಕ್ಕಾಸು.’ ಎಲ್ಲರಿಗೂ ಉಪಯೋಗ ಆಗಲಿ 🙏

ಆರ್ಕಿಟೆಕ್ಟ್: ತಪ್ಪು. ಇಲ್ಲಿ ಸಾದಾ ಪಕ್ಕಾಸು 11.66. 11.66 × 1.414 ಅಂದರೆ 16.49, ಒಂದಡಿ ಜಾಸ್ತಿ. ದಯವಿಟ್ಟು ಇಂಥದ್ದನ್ನು ಹಂಚಬೇಡಿ, ಇದನ್ನು ನಂಬಿ ಕಬ್ಬಿಣ ಕತ್ತರಿಸೋರು ಇದ್ದಾರೆ.

ಹಾಸನ ಕಾಂಟ್ರಾಕ್ಟರ್: ಸಾಫ್ಟ್‌ವೇರ್ ಎಲ್ಲ ಹೇಳುತ್ತೆ. ಈಗ ಯಾರು ಗೆರೆ ಎಳೀತಾರೆ?

ವಿದ್ಯಾರ್ಥಿನಿ: ಸಾಫ್ಟ್‌ವೇರ್ ಒಳಗೆ ನಡೆಯೋದೂ ಇದೇ ಜ್ಯಾಮಿತಿ ಅಲ್ವಾ ಸರ್?

ಕಾಂಟ್ರಾಕ್ಟರ್: ಸೈಟಿಗೆ ಬಂದು ಮಾತಾಡಮ್ಮ.

ವಿದ್ಯಾರ್ಥಿನಿ: ಗಿಡ್ಡ ಪೈಪ್ ಬಂದಿದ್ದೂ ಸೈಟಲ್ಲೇ.

ಆರ್ಕಿಟೆಕ್ಟ್: ಇಬ್ಬರೂ ಸಾಕು. ಪ್ಲಾನ್, ಎಲಿವೇಶನ್ ಸೇರಿಸಿ ನಿಜವಾದ ಉದ್ದ ತೆಗೆಯೋ ಈ ವಿಧಾನವನ್ನು ಗಣಿತಜ್ಞ ಗ್ಯಾಸ್ಪಾರ್ ಮಾಂಜ್ ಕಟ್ಟಿದ್ದು ಫ್ರಾನ್ಸಿನ ಮಿಲಿಟರಿ ಶಾಲೆಯಲ್ಲಿ, ಕೋಟೆಯ ನಕ್ಷೆಗೆ. ಮಿಲಿಟರಿಯವರು ಅದನ್ನು ವರ್ಷಗಟ್ಟಲೆ ಗುಟ್ಟಾಗಿ ಇಟ್ಟಿದ್ದರು, ಬಹಿರಂಗ ಪಾಠ ಆಗಿದ್ದು 1795ರಲ್ಲಿ. ಅಷ್ಟು ಬೆಲೆ ಇತ್ತು ಇದಕ್ಕೆ. ಡಿಸೈನಿಗೂ ಇದು ಬೇಕು. ಸಿಡ್ನಿ ಒಪೆರಾ ಹೌಸಿನ ಚಿಪ್ಪುಗಳನ್ನು ಕಟ್ಟೋದು ಹೇಗೆ ಅಂತ ವರ್ಷಗಟ್ಟಲೆ ಒದ್ದಾಡಿ, 1961ರಲ್ಲಿ ಅದರ ಆರ್ಕಿಟೆಕ್ಟ್ ಉಟ್ಸಾನ್ ಎಲ್ಲವನ್ನೂ ಒಂದೇ ಗೋಳದಿಂದ ಕತ್ತರಿಸಿದ ತುಂಡುಗಳು ಅಂತ ತೀರ್ಮಾನಿಸಿದರು. ತ್ರಿಜ್ಯ ಸುಮಾರು 75 ಮೀಟರ್. ಬಾಗು ಎಲ್ಲ ಕಡೆ ಒಂದೇ ಆದ್ದರಿಂದ ಅದೇ ಅಚ್ಚುಗಳನ್ನು ಮತ್ತೆ ಮತ್ತೆ ಬಳಸೋಕಾಯಿತು.

ಮೈಸೂರು ಸದಸ್ಯ: ಗುಮ್ಮಟಕ್ಕೆ ತಗಡು ಹೊದಿಸಲು ಪಟ್ಟಿ ಹೇಗೆ ಕತ್ತರಿಸೋದು?

ಇನ್ನೊಬ್ಬ ಸದಸ್ಯ: ಫಸ್ಟ್ ಆ್ಯಂಗಲ್ಲಾ ಥರ್ಡಾ?

ಆರ್ಕಿಟೆಕ್ಟ್: ಮೇಲೆ ಓದಿ.

ತೀರ್ಥಹಳ್ಳಿ ಸದಸ್ಯ: ಮೇಡಂ, ಜಗಲಿ ಮೂಲೆಯ ಎರಡು ಬದಿ ಸಮ ಇಲ್ಲ. 10 ಮತ್ತು 7, ಎತ್ತರ 6.

ಆರ್ಕಿಟೆಕ್ಟ್: 100, 49, 36 ಕೂಡಿಸಿ, 185. ವರ್ಗಮೂಲ 13.60. ನಿಮ್ಮ ಗಿಡ್ಡ ಪೈಪು ಇಲ್ಲಿಗೆ ಸಾಕಾಗುತ್ತೆ. ಚಾಚು ಅಳೆಯದೆ ಕತ್ತರಿಸಬೇಡಿ.

ಸಾಗರ ಸದಸ್ಯ: ಹಾಗಾದ್ರೆ 1.414 ಎಲ್ಲೂ ಬರಲ್ವಾ? ಹಿರಿಯರೇ ಕಳಿಸಿದ್ದು.

ಆರ್ಕಿಟೆಕ್ಟ್: ಸಮ ಇಳಿಜಾರಿದ್ದರೆ ಪ್ಲಾನಿನ ಅಳತೆಗೆ ಬರುತ್ತೆ, ಇಳಿಜಾರಿನ ಉದ್ದಕ್ಕಲ್ಲ. ಆ ಮೆಸೇಜ್ ಡಿಲೀಟ್ ಮಾಡಿ.

ಕಾಂಟ್ರಾಕ್ಟರ್: ಬೈದು ಕಲಿಸೋದು ಸರಿಯಲ್ಲ ಮೇಡಂ.

ಆರ್ಕಿಟೆಕ್ಟ್: ಇನ್ನೂ ಡಿಲೀಟ್ ಆಗಿಲ್ಲ.