ಅಪ್‌ಡೇಟ್: ಬಾಡಿಗೆ ಮನೆಯ ಮೀಟರ್ ಬದಲಾಯಿತು

ಕಲಬುರಗಿಯ ನಮ್ಮ ಬಾಡಿಗೆ ಮನೆಯಲ್ಲಿ ಕರೆಂಟ್ ಬಿಲ್ ಏಕಾಏಕಿ ಏರಿದೆ, ಏನು ಮಾಡಲಿ ಎಂದು ಕೇಳಿದ್ದೆ. ಸಮಸ್ಯೆ ಬಗೆಹರಿದಿದೆ.

ಬೇಸಿಗೆಯ ಕೂಲರ್ ಕಾರಣವಿರಬಹುದು ಎಂದು ಬಹಳ ಜನ ಹೇಳಿದ್ದರು. ಅದನ್ನು ನಿಲ್ಲಿಸಿದರೂ ಬಿಲ್ ಅಷ್ಟಾಗಿ ಇಳಿಯಲಿಲ್ಲ. ಮೇನ್ ಸ್ವಿಚ್ ಆರಿಸಿದಾಗ ಮೀಟರಿನ ಕೆಂಪು ದೀಪ ಮಿನುಗುವುದೂ ನಿಂತಿತು. ಅಂದರೆ ಬೇರೆಯವರ ಲೈನ್ ನಮ್ಮ ಮೀಟರಿಗೆ ಸೇರಿರಲಿಲ್ಲ.

ಕೈ ಹಿಡಿದದ್ದು ಆ ದೀಪ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸುವ ಸಲಹೆ. ಅದನ್ನು ಕೊಟ್ಟವರಿಗೆ ಮನಸಾರೆ ಧನ್ಯವಾದ. ನಮ್ಮ ಮೀಟರಿನ ಮೇಲೆ 3200 ಎಂದು ಅಚ್ಚಾಗಿತ್ತು: ಒಂದು ಯೂನಿಟ್‌ಗೆ ಅಷ್ಟು ಸಲ ದೀಪ ಮಿನುಗಬೇಕು. ಉಳಿದದ್ದೆಲ್ಲ ಆರಿಸಿ, 1000 ವ್ಯಾಟ್‌ನ ನೀರು ಕಾಯಿಸುವ ಕಾಯಿಲ್ ಮಾತ್ರ ಹಚ್ಚಿದರೆ ನಿಮಿಷಕ್ಕೆ ಸುಮಾರು 53 ಸಲ ಮಿನುಗಬೇಕು. ವೋಲ್ಟೇಜ್ ಏರುಪೇರಿನಿಂದ ತುಸು ವ್ಯತ್ಯಾಸ ಸಹಜ, ಆದರೆ ನಮ್ಮಲ್ಲಿ 80 ದಾಟಿತು! ಇಸ್ತ್ರಿ ಪೆಟ್ಟಿಗೆಯಿಂದ ಇದನ್ನು ಪರೀಕ್ಷಿಸಬೇಡಿ. ಬಿಸಿಯಾದಂತೆ ಅದು ತಾನೇ ಆರಿ ಹತ್ತುವುದರಿಂದ ಲೆಕ್ಕ ತಪ್ಪುತ್ತದೆ.

ಆರ್.ಆರ್. ಸಂಖ್ಯೆ (ಬಿಲ್‌ನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ಮಾಲೀಕರ ಹೆಸರಿನಲ್ಲಿದ್ದುದರಿಂದ ಮೀಟರ್ ಪರೀಕ್ಷೆಯ ಅರ್ಜಿಗೆ ಅವರೇ ಸಹಿ ಹಾಕಿದರು. ವಿದ್ಯುತ್ ಕಂಪನಿಯ ಸಿಬ್ಬಂದಿ ಪಕ್ಕದಲ್ಲಿ ಇನ್ನೊಂದು ಮೀಟರ್ ಜೋಡಿಸಿ ತಾಳೆ ನೋಡಿದರು, ದೋಷ ಖಚಿತವಾಯಿತು. ಹೊಸ ಮೀಟರ್ ಕೂರಿಸಿದ್ದಾರೆ. ಹಳೆಯದನ್ನು ಬಿಚ್ಚುವ ಮುನ್ನ ಅದರ ಕೊನೆಯ ರೀಡಿಂಗ್‌ನ ಫೋಟೊ ತೆಗೆದುಕೊಳ್ಳಿ. ಹೆಚ್ಚುವರಿ ಹಣದ ಹೊಂದಾಣಿಕೆ ಕೇಳುವಾಗ ನಮಗೆ ಅದೇ ನೆರವಾಯಿತು.